ಗೋಡೆಯ ಮೇಲಿನ ರವಿವರ್ಮ: ಅಸಲಿ ಯಾವುದು, ಬೆಲೆ ಏನು?

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಜಗಲಿಯ ಮೇಲೋ ಪಡಸಾಲೆಯ ಗೋಡೆಯ ಮೇಲೋ ಮರದ ಕಟ್ಟಿನ ಲಕ್ಷ್ಮೀ, ಸರಸ್ವತಿಯರ ಚಿತ್ರಗಳು ಇಂದಿಗೂ ಕಾಣಸಿಗುತ್ತವೆ. ಗಾಜು ಮಸುಕಾಗಿದೆ, ಕಾಗದ ಹಳದಿಗಟ್ಟಿದೆ, ಕುಂಕುಮದ ಕಲೆಗಳು ಉಳಿದಿವೆ. ಮನೆ ಕೆಡವಿ ಹೊಸದು ಕಟ್ಟುವಾಗ ಇಂತಹ ಚಿತ್ರಗಳು ಅನೇಕ ವೇಳೆ ಗುಜರಿಯವನ ಗಾಡಿ ಸೇರುತ್ತವೆ. ಇನ್ನೊಂದೆಡೆ, ನಗರದ ಅಂಗಡಿಗಳಲ್ಲಿ ನಿನ್ನೆ ಮೊನ್ನೆ ಅಚ್ಚಾದ ಪ್ರತಿಗಳು ಪ್ರಾಚೀನ ವಸ್ತುವಿನ ವೇಷ ತೊಟ್ಟು ದೊಡ್ಡ ಬೆಲೆಗೆ ಕೈ ಬದಲಾಯಿಸುತ್ತವೆ. ಎರಡರ ಮೇಲೂ ಇರುವ ಹೆಸರು ಒಂದೇ: ರಾಜಾ ರವಿವರ್ಮ.

ಒಬ್ಬ ಕಲಾವಿದನ ಹೆಸರು ಇಷ್ಟೊಂದು ಗೋಡೆಗಳ ಮೇಲೆ ಬರೆಯಲ್ಪಟ್ಟದ್ದು ಹೇಗೆ, ಆ ಹೆಸರನ್ನು ಕಂಡಾಕ್ಷಣ ಚಿತ್ರ ಅಸಲಿಯೆಂದು ನಂಬಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ಅವರ ಜೀವನದಲ್ಲಿಯೇ ಅಡಗಿದೆ. ತಮ್ಮ ಚಿತ್ರಗಳನ್ನು ಯಂತ್ರದ ಕೈಗೆ ಒಪ್ಪಿಸಿ, ಕೊನೆಗೆ ಆ ಯಂತ್ರವನ್ನೂ ಚಿತ್ರಗಳ ಹಕ್ಕನ್ನೂ ಕಳೆದುಕೊಂಡವರ ಕಥೆ ಅದು.

ಕಿಳಿಮಾನೂರಿನ ಬಾಲಕ

ರವಿವರ್ಮ ಜನಿಸಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ತಾಯಿಗೆ ಸಂಗೀತ, ಸಾಹಿತ್ಯಗಳಲ್ಲಿ ಒಲವು. ಸೋದರಮಾವ ರಾಜರಾಜವರ್ಮರು ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯಬಲ್ಲವರು. ಬಾಲಕ ಗೋಡೆಗಳ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದ ಪ್ರಾಣಿಗಳ ಚಿತ್ರಗಳನ್ನು ಕಂಡು ಮೊದಲ ಪಾಠ ಹೇಳಿಕೊಟ್ಟವರು ಅವರೇ.

1862ರಲ್ಲಿ ಹದಿನಾಲ್ಕರ ರವಿವರ್ಮನನ್ನು ಮಾವ ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳರ ಆಶ್ರಯಕ್ಕೆ ಒಪ್ಪಿಸಿದರು. ತೈಲವರ್ಣದ ಮಾಧ್ಯಮ ಅಂದು ಭಾರತೀಯರಿಗೆ ಹೊಸದು. ಅದನ್ನು ಬಲ್ಲ ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಹುಡುಗನಿಗೆ ಕಲಿಸಲು ಒಪ್ಪಲಿಲ್ಲವೆಂದೂ, ಅವರ ಶಿಷ್ಯನೊಬ್ಬ ರಾತ್ರಿ ವೇಳೆ ಗುಟ್ಟಾಗಿ ಹೇಳಿಕೊಟ್ಟನೆಂದೂ ಜೀವನಚರಿತ್ರೆಗಳು ತಿಳಿಸುತ್ತವೆ. 1868ರಲ್ಲಿ ಆಸ್ಥಾನಕ್ಕೆ ಬಂದ ಯುರೋಪಿನ ಭಾವಚಿತ್ರಕಾರ ಥಿಯೋಡೋರ್ ಜೆನ್ಸನ್ ಕೂಡ ಪಾಠ ಹೇಳಲಿಲ್ಲ. ತಾನು ಬರೆಯುವುದನ್ನು ನೋಡಲಷ್ಟೇ ಬಿಟ್ಟ. ಬಣ್ಣ ಬೆರೆಸುವ ಬಗೆ, ನೆರಳು ಬೆಳಕಿನ ಹದ, ಎಣ್ಣೆಯ ಪ್ರಮಾಣ ಇವೆಲ್ಲವನ್ನೂ ರವಿವರ್ಮ ನೋಡಿಯೇ ಕಲಿತರು. ಬಚ್ಚಿಟ್ಟ ವಿದ್ಯೆಯನ್ನು ಹೀಗೆ ಕಷ್ಟದಿಂದ ಗಳಿಸಿದವರು ಮುಂದೆ ತಮ್ಮ ಚಿತ್ರವನ್ನು ಮಾತ್ರ ಯಾರಿಂದಲೂ ಬಚ್ಚಿಡಲಿಲ್ಲ.

ಕೊಲ್ಲೂರಿನ ಹರಕೆ

ರವಿವರ್ಮರ ಬದುಕಿನ ಮೊದಲ ತಿರುವು ಕನ್ನಡ ನಾಡಿಗೆ ಸೇರಿದ್ದು. 1870ರ ಸುಮಾರಿಗೆ ಅವರು ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಯಾತ್ರೆ ಬಂದು 41 ದಿನಗಳ ವ್ರತ ನಡೆಸಿದರು. ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧೀಶ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ ಅವರ ಕುಟುಂಬದ ಭಾವಚಿತ್ರ ಬರೆಯುವ ಕೆಲಸ ದೊರೆಯಿತು. ಹಣ ಪಡೆದು ಬರೆದ ಮೊದಲ ಚಿತ್ರ ಅದೆನ್ನುತ್ತಾರೆ. ಅರಸುಮನೆತನದೊಡನೆ ನಂಟುಳ್ಳ ಕುಟುಂಬದವನೊಬ್ಬ ಸಂಭಾವನೆಗೆ ಚಿತ್ರ ಬರೆಯುವುದು ಅಂದಿನ ಕಾಲಕ್ಕೆ ಸಣ್ಣ ಮಾತಲ್ಲ. ಕಲೆ ವೃತ್ತಿಯೂ ಆಗಬಲ್ಲುದೆಂಬ ನಂಬಿಕೆ ಅವರಲ್ಲಿ ಅಲ್ಲಿಂದ ಬೇರೂರಿತು.

1873ರಲ್ಲಿ ಮದರಾಸಿನ ಕಲಾಪ್ರದರ್ಶನದಲ್ಲಿ ಮುಡಿಗೆ ಹೂಮಾಲೆ ಮುಡಿಯುತ್ತಿರುವ ನಾಯರ್ ಹೆಂಗಸಿನ ಚಿತ್ರಕ್ಕೆ ಚಿನ್ನದ ಪದಕ ದೊರಕಿತು. ಅದೇ ವರ್ಷ ವಿಯೆನ್ನಾ ಪ್ರದರ್ಶನದಲ್ಲಿಯೂ ಮನ್ನಣೆ ಪಡೆಯಿತು. ದುಷ್ಯಂತನಿಗೆ ಓಲೆ ಬರೆಯುವ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಕೊಂಡುಕೊಂಡರು. ಮೋನಿಯರ್ ವಿಲಿಯಮ್ಸರ ಶಾಕುಂತಲ ಅನುವಾದದ ಮುಖಚಿತ್ರವಾಗಿ ಅದು ಅಚ್ಚಾಯಿತು. ಚಿತ್ರವೊಂದು ಅರಮನೆಯ ಗೋಡೆ ಬಿಟ್ಟು ಪುಸ್ತಕದೊಳಗೆ ಹೊಕ್ಕು ದೇಶಾಂತರ ತಿರುಗಬಲ್ಲುದೆಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನವಾಗಿತ್ತು.

ಅರಮನೆಯಿಂದ ಜನಮನೆಗೆ

1881ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ಪಟ್ಟಾಭಿಷೇಕದ ಸಂದರ್ಭದಲ್ಲಿ ರವಿವರ್ಮ ತಮ್ಮ ಸಿ. ರಾಜರಾಜವರ್ಮರೊಡನೆ ಅಲ್ಲಿಗೆ ತೆರಳಿದರು. ತಮ್ಮನೂ ನುರಿತ ಚಿತ್ರಕಾರ. ನಿಸರ್ಗದೃಶ್ಯ ಬರೆಯುವುದರಲ್ಲಿ ಆತ ಸಿದ್ಧಹಸ್ತ. ಅಣ್ಣನ ಅನೇಕ ಚಿತ್ರಗಳ ಹಿನ್ನೆಲೆಯಲ್ಲಿ ಆತನ ಕೈಯಿದೆ; ಲೆಕ್ಕಪತ್ರ, ಪತ್ರವ್ಯವಹಾರಗಳೂ ಆತನವೇ. ರವಿವರ್ಮರದೆಂದು ಹೇಳುವ ಚಿತ್ರ ಬಹುಪಾಲು ಇಬ್ಬರ ದುಡಿಮೆಯ ಫಲ.

ಬರೋಡಾದ ಕೆಲಸಕ್ಕೂ ಮುನ್ನ ತಿರುವಾಂಕೂರಿನಲ್ಲಿ ದಿವಾನರಾಗಿದ್ದು, ಬಳಿಕ ಬರೋಡಾದ ದಿವಾನಗಿರಿ ನಡೆಸಿದ ಸರ್ ಟಿ. ಮಾಧವರಾಯರು 1884ರಲ್ಲಿ ರವಿವರ್ಮರಿಗೆ ಒಂದು ಪತ್ರ ಬರೆದರು. ಜನ ಅವರ ಚಿತ್ರಗಳಿಗಾಗಿ ಹಾತೊರೆಯುತ್ತಿದ್ದಾರೆ, ಎರಡೇ ಕೈಗಳಿಂದ ಅಷ್ಟೊಂದು ಚಿತ್ರ ಬರೆದುಕೊಡಲಾಗದು, ಆದುದರಿಂದ ಆಯ್ದ ಕೆಲವನ್ನು ಯುರೋಪಿಗೆ ಕಳುಹಿಸಿ ಬಣ್ಣದ ಅಚ್ಚು ಹಾಕಿಸಬೇಕೆಂಬುದು ಅದರ ಸಾರ. ಆ ಸಲಹೆ ಹತ್ತು ವರ್ಷ ಅವರ ಮನಸ್ಸಿನಲ್ಲಿ ಬೆಳೆಯಿತು.

1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ ಆಹ್ವಾನ ಬಂದು ರವಿವರ್ಮ ಮೈಸೂರಿನಲ್ಲಿ ರಾಜಪರಿವಾರದ ಭಾವಚಿತ್ರಗಳನ್ನು ಬರೆದರು. 1888ರಲ್ಲಿ ಬರೋಡಾದಿಂದ ಹದಿನಾಲ್ಕು ಪೌರಾಣಿಕ ಚಿತ್ರಗಳ ದೊಡ್ಡ ಕೆಲಸ ದೊರೆಯಿತು. ಅದಕ್ಕೆ ಸಂದ ಸಂಭಾವನೆ 50 ಸಾವಿರ ರೂಪಾಯಿ. ಕುಂಚ ಹಿಡಿಯುವ ಮುನ್ನ ಸೋದರರಿಬ್ಬರೂ ಉತ್ತರ ಭಾರತ ಸುತ್ತಿ ಪುರಾಣಪಾತ್ರಗಳಿಗೆ ಯಾವ ಉಡುಪು ಹೊಂದೀತೆಂದು ಹುಡುಕಿದರು. ದೇಶಕ್ಕೆಲ್ಲ ಒಪ್ಪುವ ಒಂದು ಉಡುಪು ದೊರೆಯಲಿಲ್ಲ. ಕೊನೆಗೆ ಸೀರೆಯನ್ನೇ ಆರಿಸಿಕೊಂಡರು. ಅವರ ದಮಯಂತಿ ಮುಂತಾದ ನಾಯಿಕೆಯರು ಉಟ್ಟಿರುವುದು ಬೆಳಗಾವಿ, ಕೊಲ್ಲಾಪುರ ಸೀಮೆಯ ಹೆಂಗಸರಿಗೆ ಚಿರಪರಿಚಿತವಾದ ಕಚ್ಚೆ ಸೀರೆ. ಪುರಾಣದ ರಾಣಿ ಓಣಿಯ ಹೆಣ್ಣುಮಗಳಂತೆ ಕಂಡದ್ದು ಆ ಚಿತ್ರಗಳು ಈ ಭಾಗದ ಮನೆಗಳಲ್ಲಿ ನೆಲೆಯೂರಲು ಒಂದು ಕಾರಣ.

ಬರೋಡಾ ಚಿತ್ರಗಳನ್ನು ಅರಮನೆ ಸೇರಿಸುವ ಮೊದಲು ಸಾರ್ವಜನಿಕರಿಗೆ ಪ್ರದರ್ಶಿಸಲಾಯಿತು. ಜನ ಕಿಕ್ಕಿರಿದು ಬಂದರು. ಅವುಗಳ ಛಾಯಾಚಿತ್ರದ ಪ್ರತಿಗಳೂ ಬಿಸಿಬಿಸಿಯಾಗಿ ಮಾರಾಟವಾದವು. 1893ರಲ್ಲಿ ಷಿಕಾಗೋದ ವಿಶ್ವ ಪ್ರದರ್ಶನದಲ್ಲಿ ರವಿವರ್ಮರ ಹತ್ತು ಚಿತ್ರಗಳು ಪದಕ ಗಳಿಸಿದವು. ಕೀರ್ತಿ ಶಿಖರ ಮುಟ್ಟಿದ ಆ ಹೊತ್ತಿನಲ್ಲಿಯೇ ಅವರು ಮುದ್ರಣಾಲಯ ತೆರೆಯುವ ಸಾಹಸಕ್ಕೆ ಕೈ ಹಾಕಿದರು.

ಕಲ್ಲಿನ ಮೇಲೆ ಬಣ್ಣ

1894ರಲ್ಲಿ ಮುಂಬಯಿಯ ಗಿರಗಾವಿಯಲ್ಲಿ ಗೋವರ್ಧನದಾಸ ಖಟಾವು ಮಖನಜಿ ಅವರ ಪಾಲುದಾರಿಕೆಯಲ್ಲಿ ರವಿವರ್ಮ ಮುದ್ರಣಾಲಯ ಆರಂಭವಾಯಿತು. ಯಂತ್ರಗಳು ಜರ್ಮನಿಯವು, ತಂತ್ರಜ್ಞರೂ ಅಲ್ಲಿಯವರು. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ಬಳಿಕ ಬಂದ ಲಕ್ಷ್ಮಿ, ಸರಸ್ವತಿಯರ ಅಚ್ಚುಗಳು ದೇಶದ ಉದ್ದಗಲಕ್ಕೂ ಹರಡಿದವು.

ಅಂದಿನ ಮುದ್ರಣದ ಕ್ರಮವನ್ನು ಅರಿಯದೆ ಅಸಲಿ ನಕಲಿಯ ವಿವೇಚನೆ ಸಾಧ್ಯವಿಲ್ಲ. ಅದು ಕಲ್ಲಚ್ಚು. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡುಳ್ಳ ಶಾಯಿಯಿಂದ ಚಿತ್ರ ಬರೆದು ಕಲ್ಲನ್ನು ನೀರಿನಿಂದ ಒದ್ದೆ ಮಾಡಲಾಗುತ್ತಿತ್ತು. ಜಿಡ್ಡು ನೀರನ್ನು ದೂಡುತ್ತದೆ, ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಹೀಗೆ ಬರೆದ ಭಾಗಕ್ಕೆ ಮಾತ್ರ ಬಣ್ಣ ಅಂಟಿ ಕಾಗದಕ್ಕೆ ಇಳಿಯುತ್ತಿತ್ತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಮುಖದ ಮೈಬಣ್ಣ, ಸೀರೆಯ ಕೆಂಪು, ಆಕಾಶದ ನೀಲಿ, ನೆರಳಿನ ಕಂದು ಎಂದು ಒಂದು ಚಿತ್ರಕ್ಕೆ ಹಲವಾರು ಕಲ್ಲುಗಳು ಬೇಕು. ಒಂದೇ ಹಾಳೆ ಅಷ್ಟೂ ಸಲ ಯಂತ್ರದೊಳಗೆ ಹಾದು ಬರಬೇಕು. ಪ್ರತಿ ಸಲವೂ ಬಣ್ಣ ತನ್ನ ಜಾಗದಲ್ಲಿಯೇ ಬೀಳಬೇಕು. ತೈಲಚಿತ್ರದಂತೆ ಕಾಣಲೆಂದು ಕೆಲವು ಪ್ರತಿಗಳಿಗೆ ಮೆರುಗೆಣ್ಣೆ ಬಳಿದು, ಕ್ಯಾನ್ವಾಸಿನ ನೇಯ್ಗೆಯ ಉಬ್ಬುಗೆರೆ ಒತ್ತುತ್ತಿದ್ದರು. ಓಲಿಯೋಗ್ರಾಫ್ ಎಂಬ ಹೆಸರು ಬಂದದ್ದು ಹೀಗೆ.

ಮೂಲಚಿತ್ರವನ್ನು ನೋಡಿ ಬಣ್ಣಗಳನ್ನು ಬೇರ್ಪಡಿಸಿ ಕಲ್ಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬರೆಯುತ್ತಿದ್ದವರು ಮುದ್ರಣಾಲಯದ ಕುಶಲಕರ್ಮಿಗಳು. ರವಿವರ್ಮರ ರುಜುವನ್ನು ಕಲ್ಲಿಗೆ ಇಳಿಸುತ್ತಿದ್ದವರೂ ಅವರೇ. ಆದುದರಿಂದ ಅಚ್ಚಿನ ಮೂಲೆಯಲ್ಲಿ ರುಜು ಇರುವುದು ಆ ಹಾಳೆಯನ್ನು ಕಲಾವಿದ ಮುಟ್ಟಿದ್ದನೆಂಬುದಕ್ಕೆ ಸಾಕ್ಷಿಯಾಗದು. ಸೀರೆಯ ಅಂಚಿನಂತೆ, ತಾವರೆಯ ದಳದಂತೆ ರುಜುವೂ ಅಚ್ಚಿನ ಒಂದು ಭಾಗ.

ಮುದ್ರಣಾಲಯದ ಪತನ

ಜನ ಚಿತ್ರಗಳನ್ನು ಮೆಚ್ಚಿ ಕೊಂಡರೂ ಮುದ್ರಣಾಲಯ ಲಾಭ ತರಲಿಲ್ಲ. ವಿದೇಶಿ ಯಂತ್ರ, ವಿದೇಶಿ ತಂತ್ರಜ್ಞರ ವೆಚ್ಚ ಹಗುರವಾಗಿರಲಿಲ್ಲ. ಸೋದರರು ವರ್ಷದ ಬಹುಭಾಗ ಸಂಸ್ಥಾನದಿಂದ ಸಂಸ್ಥಾನಕ್ಕೆ ತಿರುಗುತ್ತಿದ್ದುದರಿಂದ ಆಡಳಿತ ಸಡಿಲವಾಯಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಅಪ್ಪಳಿಸಿ ಕೆಲಸಗಾರರು ಊರು ಬಿಟ್ಟರು. ಪಾಲುದಾರಿಕೆ ಮುರಿಯಿತು. ಮುದ್ರಣಾಲಯವನ್ನು ಲೋಣಾವಳದ ಬಳಿಯ ಮಳವಲಿಗೆ ಸಾಗಿಸಲಾಯಿತು. ಸಾಲ ಏರುತ್ತ ಹೋದ ಆ ದಿನಗಳ ಕಳವಳ ತಮ್ಮ ರಾಜರಾಜವರ್ಮರ ದಿನಚರಿಯಲ್ಲಿ ದಾಖಲಾಗಿದೆ.

20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮುದ್ರಣಾಲಯವನ್ನು ಅದರಲ್ಲಿಯೇ ತಂತ್ರಜ್ಞನಾಗಿದ್ದ ಜರ್ಮನ್ ಫ್ರಿಟ್ಜ್ ಶ್ಲೈಖರ್‌ಗೆ ಮಾರಲಾಯಿತು. ಯಂತ್ರದೊಡನೆ 89 ಚಿತ್ರಗಳನ್ನು ಅಚ್ಚುಮಾಡುವ ಹಕ್ಕೂ ಕೈ ಬಿಟ್ಟಿತು. ಅಲ್ಲಿಂದ ಮುಂದೆ ರವಿವರ್ಮ ಎಂಬುದು ಒಬ್ಬ ವ್ಯಕ್ತಿಯ ಹೆಸರಾಗಿರುವುದರ ಜೊತೆಗೆ ಮತ್ತೊಬ್ಬರ ಒಡೆತನದ ಉದ್ಯಮದ ಗುರುತೂ ಆಯಿತು. ಆ ಉದ್ಯಮ ರವಿವರ್ಮರ ಕಾಲಾನಂತರವೂ ದಶಕಗಳ ಕಾಲ ಅಚ್ಚು ಹಾಕಿತು. ಸಾಬೂನು, ಔಷಧಿ, ಶಿಶು ಆಹಾರದ ಜಾಹೀರಾತುಗಳಿಗೂ ಕ್ಯಾಲೆಂಡರುಗಳಿಗೂ ಅವರ ದೇವತೆಗಳು ದುಡಿದರು. ಕೊಲ್ಲಾಪುರದಲ್ಲಿ ಬೆಳೆದ ಎಂ.ವಿ. ಧುರಂಧರರಂತಹ ಬೇರೆ ಕಲಾವಿದರ ಚಿತ್ರಗಳೂ ಅದೇ ಮುದ್ರಣಾಲಯದ ಹೆಸರಿನಲ್ಲಿ ಹೊರಬಂದವು. ಹೆಸರಿನ ಪ್ರಭಾವ ಕಂಡು ರವಿ ಉದಯ ಎಂಬಂತಹ ಹೋಲುವ ಹೆಸರಿನ ಮುದ್ರಣಾಲಯಗಳೂ ತಲೆ ಎತ್ತಿದವು. 1972ರಲ್ಲಿ ಬೆಂಕಿಗೆ ಆಹುತಿಯಾಗಿ ಮಳವಲಿಯ ಮುದ್ರಣಾಲಯ ಇತಿಹಾಸ ಸೇರಿತು.

ಇದೇ ಮುದ್ರಣಾಲಯದಲ್ಲಿ ಕೆಲಸ ಕಲಿತವರಲ್ಲಿ ದಾದಾಸಾಹೇಬ ಫಾಲ್ಕೆ ಒಬ್ಬರು. ಅಚ್ಚಿನ ಬಣ್ಣಗಳನ್ನು ಪದರ ಪದರವಾಗಿ ಜೋಡಿಸುವ ವಿದ್ಯೆ ಅರಿತ ಫಾಲ್ಕೆ, 1912ರಲ್ಲಿ ಬಟಾಣಿ ಗಿಡದ ಬೆಳವಣಿಗೆಯನ್ನು ಒಂದೊಂದೇ ಚೌಕಟ್ಟಾಗಿ ಸೆರೆಹಿಡಿದು ಚಲನಚಿತ್ರವಾಗಿಸಿದರು. ಮರುವರ್ಷ ರಾಜಾ ಹರಿಶ್ಚಂದ್ರ ತೆರೆಗೆ ಬಂದಿತು. ನಿಶ್ಚಲ ಚಿತ್ರಗಳನ್ನು ಚಲಿಸುವಂತೆ ಮಾಡುವ ಕಲೆಗೆ ಭಾರತದಲ್ಲಿ ತಳಹದಿ ಬಿದ್ದದ್ದು ಹೀಗೆ ರವಿವರ್ಮರ ಅಚ್ಚಿನ ಮನೆಯ ನೆರಳಿನಲ್ಲಿ.

ಜಗತ್ತಿನಾದ್ಯಂತ ಇಂದು ಸಂಗ್ರಾಹಕರು ಬೆನ್ನುಹತ್ತಿರುವ ಅನಿಮೇಷನ್ ಸೆಲ್‌ಗಳಿಗೂ ರವಿವರ್ಮರ ಅಚ್ಚುಗಳಿಗೂ ಒಂದು ಸಾಮ್ಯವಿದೆ. ಸೆಲ್ ಎಂದರೆ ಕಾರ್ಟೂನ್ ಚಲನಚಿತ್ರಕ್ಕಾಗಿ ಪಾರದರ್ಶಕ ಹಾಳೆಯ ಮೇಲೆ ಬರೆದ ಚಿತ್ರ. ಬಳಸಿ ಬಿಸಾಡಬೇಕಾದ ವಸ್ತುವೆಂದೇ ಅದನ್ನು ಮೊದಲು ಕಾಣಲಾಗಿತ್ತು. 1937ರ ಸ್ನೋವೈಟ್ ಚಿತ್ರದ ನಂತರ ಅಮೆರಿಕದ ಚಿತ್ರಶಾಲೆಯೊಂದು ಮಾರಲು ತೊಡಗಿದಾಗ ಅದಕ್ಕೆ ಬೆಲೆ ಬಂದಿತು. ಚಿತ್ರೀಕರಣಕ್ಕೆ ನಿಜಕ್ಕೂ ಬಳಸಿದ ಹಾಳೆ ಯಾವುದು, ಮಾರಾಟಕ್ಕೆಂದೇ ಆಮೇಲೆ ಅಚ್ಚುಮಾಡಿದ್ದು ಯಾವುದು ಎಂಬುದೇ ಅಲ್ಲಿಯ ಮೊದಲ ಪ್ರಶ್ನೆ. ಅಲ್ಲಿಯೂ ಹಾಳೆಯ ಮೇಲೆ ಮೆರೆಯುವ ಹೆಸರು ಒಬ್ಬರದು, ಬಣ್ಣ ತುಂಬಿದ ಕೈ ಇನ್ನೊಬ್ಬರದು. ಹೆಸರು ನೋಡಿ ಬೆಲೆ ಕಟ್ಟುವವರು ಎರಡೂ ಕಡೆ ಮೋಸ ಹೋಗುತ್ತಾರೆ.

ಮೈಸೂರಿನ ಕೊನೆಯ ಚಿತ್ರಗಳು

ಮುದ್ರಣಾಲಯ ಕೈಬಿಟ್ಟ ಮೇಲೂ ರವಿವರ್ಮರ ಕುಂಚ ನಿಲ್ಲಲಿಲ್ಲ. 1904ರಲ್ಲಿ ಬ್ರಿಟಿಷ್ ಸರ್ಕಾರ ಕೈಸರ್-ಇ-ಹಿಂದ್ ಚಿನ್ನದ ಪದಕ ನೀಡಿತು. ಅದೇ ಸುಮಾರಿನಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆದುಕೊಡುವಂತೆ ಕೇಳಿದರು. 1905ರ ಆರಂಭದಲ್ಲಿ ತಮ್ಮ ರಾಜರಾಜವರ್ಮ ತೀರಿಕೊಂಡರು. ಬಲಗೈಯೇ ಕಳಚಿದಂತಾಗಿದ್ದರೂ, ಸಕ್ಕರೆ ಕಾಯಿಲೆ ಬಾಧಿಸುತ್ತಿದ್ದರೂ ರವಿವರ್ಮ ಮೈಸೂರಿನ ಕೆಲಸವನ್ನು ಪೂರೈಸಿದರು. ಸಮುದ್ರರಾಜನ ಗರ್ವ ಮುರಿಯುವ ಶ್ರೀರಾಮ, ಕೌರವರ ಸಭೆಗೆ ರಾಯಭಾರಿಯಾಗಿ ಬಂದ ಶ್ರೀಕೃಷ್ಣ ಮೊದಲಾದ ಚಿತ್ರಗಳು ಆ ಅವಧಿಯವು. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ತಮ್ಮ 58ನೆಯ ವಯಸ್ಸಿನಲ್ಲಿ ರವಿವರ್ಮ ನಿಧನರಾದರು.

ಕಾಲಾನಂತರ ಅವರ ಕೀರ್ತಿಗೆ ಗ್ರಹಣ ಹಿಡಿಯಿತು. ಹ್ಯಾವೆಲ್, ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮುಂತಾದವರು ಅವರ ಶೈಲಿ ಪಾಶ್ಚಾತ್ಯದ ಅನುಕರಣೆಯೆಂದು ಟೀಕಿಸಿದರು. ಅಗ್ಗದ ಕ್ಯಾಲೆಂಡರುಗಳ ಪ್ರವಾಹ ಆ ಟೀಕೆಗೆ ಬಲ ತಂದಿತು. ಆದರೆ ಜನ ಮಾತ್ರ ಚಿತ್ರಗಳನ್ನು ಗೋಡೆಯಿಂದ ಇಳಿಸಲಿಲ್ಲ. 1979ರಲ್ಲಿ ಭಾರತ ಸರ್ಕಾರ ರವಿವರ್ಮರ ಕೃತಿಗಳನ್ನು ರಾಷ್ಟ್ರೀಯ ಕಲಾಸಂಪತ್ತೆಂದು ಸಾರಿತು. ಅಂದಿನಿಂದ ಅವನ್ನು ದೇಶದ ಹೊರಗೆ ಮಾರುವಂತಿಲ್ಲ. ಮೊದಲೇ ವಿದೇಶ ಸೇರಿದ್ದ ದಮಯಂತಿಯ ತೈಲಚಿತ್ರವೊಂದು 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 17 ಲಕ್ಷ ಡಾಲರಿಗೆ ಮಾರಾಟವಾಯಿತು. ಇಂತಹ ಸುದ್ದಿ ಬಂದಾಗಲೆಲ್ಲ ಮನೆಯ ಗೋಡೆಯ ಚಿತ್ರವೂ ಕೋಟಿ ಬಾಳೀತೆಂಬ ಆಸೆ ಹುಟ್ಟುವುದು ಸಹಜ. ಕೋಟಿಯ ಬೆಲೆ ಕೈಯಿಂದ ಬರೆದ ತೈಲಚಿತ್ರದ್ದು. ಅಚ್ಚಿನ ಪ್ರತಿಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗಿನದು. ಆದರೆ ಅದು ಗುಜರಿಯ ಬೆಲೆಯೂ ಅಲ್ಲ.

ಹಳೆಯ ಅಚ್ಚನ್ನು ಗುರುತಿಸುವ ಬಗೆ

ಮೊದಲ ಸಾಕ್ಷಿ ಚಿತ್ರದ ಕೆಳಗಿನ ಬಿಳಿ ಅಂಚು. ಚಿತ್ರದ ಹೆಸರು, ಮುದ್ರಣಾಲಯದ ಹೆಸರು, ಊರು ಅಲ್ಲಿ ಅಚ್ಚಾಗಿರುತ್ತವೆ. ಊರು ಮುಂಬಯಿಯೆಂದಿದ್ದರೆ ರವಿವರ್ಮರ ಒಡೆತನದ ಆರಂಭದ ವರ್ಷಗಳದ್ದಿರಬಹುದು; ಕಾರ್ಲಾ, ಲೋಣಾವಳ ಅಥವಾ ಮಳವಲಿ ಎಂದಿದ್ದರೆ ಸ್ಥಳಾಂತರದ ನಂತರದ್ದು. ದುರ್ದೈವವೆಂದರೆ ಕಟ್ಟು ಹಾಕುವವರು ಚೌಕಟ್ಟಿನ ಅಳತೆಗೆ ಹೊಂದಿಸಲು ಈ ಅಂಚನ್ನೇ ಕತ್ತರಿಸುವುದು ರೂಢಿ. ಅಂಚು ಉಳಿದ ಪ್ರತಿಗೆ ಹೆಚ್ಚಿನ ಬೆಲೆ ಬರುವುದು ಇದೇ ಕಾರಣಕ್ಕೆ.

ಎರಡನೆಯದು ಭೂತಗನ್ನಡಿಯ ಪರೀಕ್ಷೆ. ಹತ್ತು ಪಟ್ಟು ಹಿಗ್ಗಿಸುವ ಗಾಜಿನಿಂದ ಮುಖದ ಭಾಗವನ್ನು ನೋಡಬೇಕು. ಕಲ್ಲಚ್ಚಿನಲ್ಲಿ ಚುಕ್ಕೆಗಳು ಕೈಯಿಂದ ಇಟ್ಟವು. ಗಾತ್ರ, ಅಂತರಗಳಲ್ಲಿ ಏರುಪೇರು ಇರುತ್ತದೆ. ಬಣ್ಣಗಳು ಒಂದರ ಮೇಲೊಂದು ಗಟ್ಟಿಯಾಗಿ ಕೂತಿರುತ್ತವೆ. ಆಮೇಲಿನ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕೇ ಬಣ್ಣದ ಚುಕ್ಕೆಗಳು ಜಾಲರಿಯಂತೆ ಕ್ರಮಬದ್ಧವಾಗಿ, ಪುಟ್ಟ ಹೂವಿನ ಆಕಾರದಲ್ಲಿ ಜೋಡಿಸಿರುತ್ತವೆ. ಇಂದಿನ ಕಂಪ್ಯೂಟರ್ ಮುದ್ರಣದಲ್ಲಿ ಸಿಂಪಡಿಸಿದಂತಹ ಅತಿ ಸೂಕ್ಷ್ಮ ಕಣಗಳು ಕಾಣುತ್ತವೆ. ಆಫ್‌ಸೆಟ್ಟಿನ ಜಾಲರಿ ಕಂಡರೆ, ಕಾಗದ ಎಷ್ಟೇ ಹಳದಿಯಾಗಿರಲಿ, ಅದು ಕಲ್ಲಚ್ಚಲ್ಲ.

ಮೂರನೆಯದು ಕಾಗದ. ಸುಮಾರು 1950ರ ಬಳಿಕ ಕಾಗದ ಬೆಳ್ಳಗೆ ಕಾಣಲೆಂದು ಹೊಳಪು ನೀಡುವ ರಾಸಾಯನಿಕ ಬೆರೆಸುವುದು ಬಳಕೆಗೆ ಬಂತು. ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಇಂತಹ ಕಾಗದ ನೀಲಿಯಾಗಿ ಮಿನುಗುತ್ತದೆ. ಹಳೆಯ ಕಾಗದ ಮಿನುಗದೆ ಮಂಕಾಗಿ ಉಳಿಯುತ್ತದೆ. ಚಹಾದ ನೀರಿನಲ್ಲಿ ನೆನೆಸಿ ಹಳೆಯದಾಗಿಸಿದ ಹಾಳೆಯ ಕಂದು ಎಲ್ಲೆಡೆ ಒಂದೇ ಸಮನಾಗಿರುತ್ತದೆ; ಕಾಲದಿಂದ ಬಂದ ಕಂದು ಹಾಗಲ್ಲ. ಬೆಳಕು ತಾಗಿದ ಭಾಗಕ್ಕೂ ಚೌಕಟ್ಟಿನ ಮರೆಯಲ್ಲಿದ್ದ ಅಂಚಿಗೂ ಬಣ್ಣದಲ್ಲಿ ವ್ಯತ್ಯಾಸವಿರುತ್ತದೆ. ಹಿಂಬದಿಯ ಹಲಗೆಯ ಗಂಟು, ಬಿರುಕುಗಳ ಗುರುತು ಕಾಗದದ ಬೆನ್ನಿನ ಮೇಲೆ ಮೂಡಿರುವುದೂ ಉಂಟು.

ನಾಲ್ಕನೆಯದು ಅಲಂಕಾರ. ಅಚ್ಚಿನ ದೇವತೆಗೆ ಜರಿ, ಚಮಕಿ, ಮಣಿ, ಬಟ್ಟೆಯ ತುಂಡು ಹೊಲಿದು ಅಂಟಿಸುವ ಪದ್ಧತಿ ಹಿಂದೆ ಇತ್ತು. ಇದು ಚಿತ್ರವನ್ನು ಕೆಡಿಸಿದೆಯೆಂದು ಕಿತ್ತುಹಾಕುವವರಿದ್ದಾರೆ. ಆ ಕಾಲದಲ್ಲಿಯೇ, ನುರಿತ ಕೈಯಿಂದ ಆದ ಅಲಂಕಾರವಿದ್ದರೆ ಸಂಗ್ರಾಹಕರು ಅದನ್ನೇ ವಿಶೇಷವಾಗಿ ಅರಸುತ್ತಾರೆ. ಜರಿ ಕಪ್ಪಿಟ್ಟಿದ್ದರೆ ಉಜ್ಜಿ ಹೊಳಪಿಸಲು ಹೋಗಬಾರದು.

ಬೆಲೆ ನಿರ್ಧಾರವಾಗುವುದು ಇವೆಲ್ಲವನ್ನೂ ಕೂಡಿಸಿ. ಲಕ್ಷ್ಮಿ, ಸರಸ್ವತಿಯರ ಅಚ್ಚುಗಳು ಮತ್ತೆ ಮತ್ತೆ ಹೊರಬಂದವು. ಹಳೆಯದಾದರೂ ಅವು ಅಪರೂಪವಲ್ಲ. ಕಡಿಮೆ ಸಂಖ್ಯೆಯಲ್ಲಿ ಅಚ್ಚಾದ ಪುರಾಣ ಪ್ರಸಂಗಗಳು, ಆರಂಭದ ವರ್ಷಗಳ ಪ್ರತಿಗಳು, ಅಂಚು ಕತ್ತರಿಸದವು, ಬಣ್ಣ ಮಾಸದವು ಮುಂದಿನ ಸಾಲಿನಲ್ಲಿ ನಿಲ್ಲುತ್ತವೆ. ಜಾಹೀರಾತು ಅಚ್ಚಾದ ಹಾಳೆಯನ್ನು ಕೀಳೆಂದು ಭಾವಿಸಬೇಕಿಲ್ಲ. ಮೂಲ ಜಾಹೀರಾತು, ಕ್ಯಾಲೆಂಡರುಗಳನ್ನೇ ಸಂಗ್ರಹಿಸುವವರು ಬೇರೆಯೇ ಇದ್ದಾರೆ. ಒಂದೇ ಚಿತ್ರದ ಬೇರೆ ಬೇರೆ ಮುದ್ರಣಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸದೆ ಬೆಲೆ ಹೇಳುವ ವ್ಯಾಪಾರಿಯನ್ನು ನಂಬಲಾಗದು.

ಚೌಕಟ್ಟಿನ ಬೆನ್ನಿನಲ್ಲಿರುವ ಇತಿಹಾಸ

ಅಥಣಿ ಸೀಮೆಗೆ ಈ ಚಿತ್ರಗಳು ಬಂದ ದಾರಿಯೂ ಗಮನಾರ್ಹ. ಈ ಭಾಗ ಅಂದು ಮುಂಬಯಿ ಪ್ರಾಂತ್ಯ ಹಾಗೂ ಕೊಲ್ಲಾಪುರ, ಸಾಂಗಲಿ, ಮಿರಜ ಮೊದಲಾದ ಸಂಸ್ಥಾನಗಳ ನಡುವೆ ಹಂಚಿಹೋಗಿತ್ತು. ವ್ಯಾಪಾರದ ಮುಖ ಮುಂಬಯಿ, ಪುಣೆಗಳ ಕಡೆಗಿತ್ತು. ಪುಣೆಯಿಂದ ಮಿರಜ ಮಾರ್ಗವಾಗಿ ಬೆಳಗಾವಿಗೆ ಹೋಗುವ ರೈಲುದಾರಿ 19ನೆಯ ಶತಮಾನದ ಕೊನೆಗೆ ಸಿದ್ಧವಾಗಿತ್ತು. ಲೋಣಾವಳ ಇರುವುದು ಮುಂಬಯಿ, ಪುಣೆಗಳ ನಡುವಿನ ರೈಲುದಾರಿಯ ಮೇಲೆಯೇ. 1878ರಷ್ಟು ಹಿಂದೆಯೇ ಪುಣೆಯಲ್ಲಿ ಆರಂಭವಾದ ಚಿತ್ರಶಾಳಾ ಮುದ್ರಣಾಲಯದ ದೇವರ ಚಿತ್ರಗಳಿಗೂ ಇದೇ ದಾರಿ. ಹೀಗಾಗಿ ಇಲ್ಲಿಯ ಗೋಡೆಯ ಮೇಲಿನ ಎಲ್ಲ ಹಳೆಯ ಚಿತ್ರಗಳೂ ರವಿವರ್ಮರವಲ್ಲ. ಪುಣೆಯದೂ ಇರಬಹುದು, ಜರ್ಮನಿಯಲ್ಲಿ ಅಚ್ಚಾದದ್ದೂ ಇರಬಹುದು. ಅವಕ್ಕೂ ತಮ್ಮದೇ ಬೆಲೆಯಿದೆ.

ಆದುದರಿಂದ ಹಳೆಯ ಚಿತ್ರ ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ಮಾರುವುದೂ ಅಲ್ಲ, ತೊಳೆಯುವುದೂ ಅಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಾಗದ ಉಬ್ಬುತ್ತದೆ. ಅಂಟುಪಟ್ಟಿ ಹಚ್ಚಿದರೆ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಹೊದಿಕೆ ಒತ್ತಿಸಿದರೆ ಚಿತ್ರ ಶಾಶ್ವತವಾಗಿ ಹಾಳು. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ ಬಲ್ಲವರಿಗೆ ತೋರಿಸಬೇಕು. ಬಿಸಿಲು ಬೀಳದ, ತೇವವಿಲ್ಲದ ಗೋಡೆಯ ಮೇಲೆ, ಆಮ್ಲರಹಿತ ರಟ್ಟಿನ ಆಸರೆಯಲ್ಲಿ ಅದು ಇನ್ನೂ ಒಂದು ಶತಮಾನ ಬಾಳಬಲ್ಲದು. ಹಳೆಯ ಚೌಕಟ್ಟನ್ನೂ ಹಿಂಬದಿಯ ಹಲಗೆಯನ್ನೂ ಎಸೆಯಬಾರದು. ಅಂಗಡಿಯ ಚೀಟಿ, ಕೊಂಡ ವರ್ಷ, ಮನೆಯ ಹಿರಿಯರ ಬರಹ ಅಲ್ಲಿಯೇ ಸಿಗುತ್ತವೆ. ಯಾರ ಮನೆಯಲ್ಲಿ, ಯಾವ ಕಾಲದಿಂದ ಇತ್ತೆಂಬ ಮಾಹಿತಿಯನ್ನು ಬರೆದಿಟ್ಟರೆ ಅದೂ ಚಿತ್ರದ ಬೆಲೆಯ ಭಾಗ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯಿದೆ ನಿರ್ಬಂಧಿಸುತ್ತದೆಂಬುದನ್ನೂ ಮರೆಯಬಾರದು.

ರವಿವರ್ಮರ ತೈಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆ, ಬರೋಡಾ, ತಿರುವನಂತಪುರಗಳು ಕಾಪಾಡಿಕೊಂಡು ಬಂದಿವೆ. ಅವಕ್ಕೆ ಕಾವಲುಗಾರರಿದ್ದಾರೆ, ಪಟ್ಟಿಯಿದೆ, ದೀಪಗಳಿವೆ. ಮುದ್ರಣಾಲಯ ಸುಟ್ಟುಹೋದ ಮೇಲೆ ಅಚ್ಚಿನ ಚಿತ್ರಗಳಿಗೆ ಅಂತಹ ಒಂದೇ ಆಶ್ರಯ ಉಳಿಯಲಿಲ್ಲ. ಅರಮನೆಗೆ ಕಾಲಿಡಲಾಗದವರ ಮನೆಗೆ ಚಿತ್ರ ತಲುಪಬೇಕೆಂಬ ಹಂಬಲಕ್ಕೆ ಕಲಾವಿದ ತನ್ನ ಹಣ, ನೆಮ್ಮದಿ, ಕೊನೆಗೆ ಹಕ್ಕುಗಳನ್ನೂ ತೆತ್ತ. ಚಿತ್ರ ತಲುಪಿತು. ಅದರ ಕಾವಲು ಈಗ ಆ ಮನೆಯವರದೇ.